ಮೇಳಘಾಟದ ಹುಲಿ ಮತ್ತು ಕೊಟ್ಟ ಭಾಷೆ

ಕಳೆದ ವೈಶಾಖ ಹುಣ್ಣಿಮೆಯ ರಾತ್ರಿಯನ್ನು ನಾನು ವಿದರ್ಭದ ಮೇಳಘಾಟ ಹುಲಿ ರಕ್ಷಿತಾರಣ್ಯದಲ್ಲಿ, ಒಂದು ನೀರುಗುಂಡಿಯ ಎದುರಿನ ಮಚಾನಿನ ಮೇಲೆ ಕಳೆದೆ. ಕನ್ನಡ ಸಂಘದ ತ್ರೈಮಾಸಿಕಕ್ಕೂ ಹುಲಿಗೂ ಏನು ಸಂಬಂಧವೆಂದು ಓದುಗರು ಹುಬ್ಬೇರಿಸಬಹುದು. ಮುಚ್ಚುತ್ತಿರುವ ಕನ್ನಡ ಶಾಲೆಗಳು, ಗಡಿಯ ತಕರಾರು, ರಾಜ್ಯೋತ್ಸವದ ವೇದಿಕೆಯಿಂದ ಮಂತ್ರಿಗಳು ಘೋಷಿಸಿ ಮರೆತ ಅನುದಾನ, ಇಂಥವುಗಳನ್ನು ಕುರಿತೇ ಈ ಪುಟದಲ್ಲಿ ಬರೆಯುತ್ತ ಬಂದವನು ನಾನು. ಈ ಸಲ ಕಾಡಿಗೆ ಹೋಗಿ ಬಂದರೂ ಕೊನೆಗೆ ಬರೆಯಬೇಕಾಗಿ ಬಂದದ್ದು ಅದೇ ಹಳೆಯ ವಿಷಯವನ್ನೇ ಎಂಬುದು ನನಗೂ ಆಶ್ಚರ್ಯ ತಂದಿದೆ.

ಮುಂಬಯಿಯಿಂದ ಅಮರಾವತಿಗೆ ಒಂದು ರಾತ್ರಿಯ ರೈಲು ಪ್ರಯಾಣ. ಅಲ್ಲಿಂದ ಅಚಲಪುರ, ಪರತವಾಡಗಳನ್ನು ದಾಟಿದೊಡನೆ ಹತ್ತಿಯ ಬಯಲು ಮುಗಿದು ಸಾತಪುಡಾದ ಘಾಟಿ ಎದ್ದು ನಿಲ್ಲುತ್ತದೆ. ಅಚಲಪುರದ ಹೆಸರು ಕೇಳಿದರೆ ಇತಿಹಾಸಪ್ರಿಯ ಕನ್ನಡಿಗರಿಗೆ ಕಿವಿ ನಿಮಿರುತ್ತದೆ. 7ನೆಯ ಶತಮಾನದ ಆಸುಪಾಸಿನಲ್ಲಿ ಇಲ್ಲಿಂದ ಆಳಿದ ನನ್ನರಾಜ ರಾಷ್ಟ್ರಕೂಟ ಕುಲದವನು. ಮಾನ್ಯಖೇಟದ ರಾಷ್ಟ್ರಕೂಟರು ಈ ಶಾಖೆಯಿಂದಲೇ ಬಂದಿರಬೇಕೆಂದು ಅಳ್ತೇಕರರು 1934ರ ತಮ್ಮ ಗ್ರಂಥದಲ್ಲಿ ಊಹಿಸಿದ್ದರು. ಕವಿರಾಜಮಾರ್ಗಕಾರನು ಕನ್ನಡ ನಾಡಿಗೆ ಗೋದಾವರಿಯ ಎಲ್ಲೆಯನ್ನು ಹೇಳಿದರೆ, ನಾವು ಅದನ್ನೂ ದಾಟಿ ತಾಪಿಯ ಕೊಳ್ಳದವರೆಗೆ ನಮ್ಮ ಹೆಜ್ಜೆಗುರುತನ್ನು ಹುಡುಕುತ್ತ ಹೋಗಬಹುದು. ಘಾಟಿಯ ನೆತ್ತಿಯಲ್ಲಿರುವ ಚಿಖಲದರೆಯಲ್ಲಿ ಕಾಫಿ ಗಿಡಗಳನ್ನು ಕಂಡಾಗ ನಮ್ಮ ಜೊತೆಗಿದ್ದ ಮೂಡಿಗೆರೆ ಮೂಲದ ಮಿತ್ರರೊಬ್ಬರು ಮಗುವಿನಂತೆ ಹಿಗ್ಗಿದರು. ಪರನಾಡಿನಲ್ಲಿ ತನ್ನದರ ಕುರುಹು ಕಂಡು ಹಿಗ್ಗುವುದು ನಮ್ಮಂಥವರ ಸ್ವಭಾವ. ಅದರಲ್ಲಿ ತಪ್ಪೇನಿಲ್ಲ. ಆದರೆ ಆ ಹಿಗ್ಗಿನಲ್ಲಿ, ಎದುರಿಗೆ ನಿಂತವರು ಯಾರೆಂದು ಕೇಳುವುದನ್ನು ನಾವು ಮರೆಯುತ್ತೇವೆ. ನಾನೂ ಒಂದು ದಿನ ಮರೆತಿದ್ದೆ.

ಮೇಳಘಾಟವೆಂದರೆ ಘಾಟಿಗಳು ಕೂಡುವ ಸ್ಥಳ. ಹೆಸರಿಗೆ ತಕ್ಕಂತೆ ಇಲ್ಲಿ ಸಮನೆಲವೆಂಬುದು ಅಪರೂಪ. ಗುಡ್ಡದ ಹಿಂದೆ ಗುಡ್ಡ, ನಡುವೆ ಕಡಿದಾದ ಕಂದರ. ಖಂಡು, ಖಾಪರಾ, ಸಿಪನಾ, ಗಡಗಾ, ಡೋಲಾರ ಎಂಬ ಐದು ಹೊಳೆಗಳು ಈ ಕಂದರಗಳಲ್ಲಿ ಸುತ್ತಿ ಬಳಸಿ ತಾಪಿಯನ್ನು ಸೇರುತ್ತವೆ. ನಮ್ಮ ಸಹ್ಯಾದ್ರಿಯ ತೇವದ ಹಸಿರನ್ನು ಇಲ್ಲಿ ನಿರೀಕ್ಷಿಸಬಾರದು. ಮೇ ತಿಂಗಳಿನಲ್ಲಿ ತೇಗದ ಮರಗಳು ಎಲೆ ಉದುರಿಸಿ ಬತ್ತಲಾಗಿ ನಿಂತಿರುತ್ತವೆ. ನೆಲದ ಮೇಲೆ ಕಾಲಿಟ್ಟರೆ ಹಪ್ಪಳ ಮುರಿದಂತೆ ಸದ್ದು. ಹೊಳೆಗಳು ಮಡುಗಳಾಗಿ ಒಡೆದು, ಆ ಮಡುಗಳ ಸುತ್ತ ಕಾಡಿನ ಬಾಳೆಲ್ಲ ಕುಗ್ಗಿ ನೆರೆದಿರುತ್ತದೆ. 1973ರಲ್ಲಿ ಹುಲಿ ಯೋಜನೆ ಆರಂಭವಾದಾಗ ದೇಶದಲ್ಲಿ ಮೊದಲು ಆಯ್ದ ಒಂಬತ್ತು ಕಾಡುಗಳಲ್ಲಿ ಮೇಳಘಾಟವೂ ಒಂದು, ನಮ್ಮ ಬಂಡೀಪುರವೂ ಒಂದು. ಆ ಅರ್ಥದಲ್ಲಿ ಇವೆರಡೂ ಒಡಹುಟ್ಟುಗಳು. ಬಂಡೀಪುರಕ್ಕೆ ಹೆದ್ದಾರಿಯ, ಪ್ರವಾಸಿಗರ, ಚಲನಚಿತ್ರಗಳ ಪ್ರಸಿದ್ಧಿ ಬಂತು. ಮೇಳಘಾಟ ದುರ್ಗಮವಾಗಿಯೇ ಉಳಿಯಿತು. ಇಲ್ಲಿಗೆ ಹೋದವರು ಹುಲಿಯನ್ನು ಕಾಣದೆ ಮರಳುವುದೇ ವಾಡಿಕೆ.

ವೈಶಾಖದ ಹುಣ್ಣಿಮೆಯಂದು ನೀರಿನ ಬಳಿ ಕುಳಿತು ಪ್ರಾಣಿಗಳನ್ನು ಎಣಿಸುವುದು ಹಳೆಯ ಪದ್ಧತಿ. ಈಗ ಎಣಿಕೆಗೆ ಸ್ವಯಂಚಾಲಿತ ಕ್ಯಾಮರಾಗಳಿವೆ. ಹುಣ್ಣಿಮೆಯ ಮಚಾನು ನಗರದವರ ನಿಸರ್ಗಾನುಭವಕ್ಕಾಗಿ ಉಳಿದುಕೊಂಡಿದೆ. ನನ್ನ ಜೊತೆ ಕುಳಿತವನು ಇಪ್ಪತ್ತೈದರ ಆಚೀಚೆಯ ಒಬ್ಬ ಕೊರ್ಕು ಯುವಕ, ಅರಣ್ಯದ ದಿನಗೂಲಿ ಕಾವಲುಗಾರ. ಸಂಜೆ ಒಂದು ಕಾಟಿಯ ಹಿಂಡು ಬಂದು ನೀರು ಕುಡಿದು ಹೋಯಿತು. ಬೆಳದಿಂಗಳೇರಿದ ಮೇಲೆ ಮರಿಯನ್ನು ಬೆನ್ನಿಗೇರಿಸಿಕೊಂಡ ಕರಡಿ ಬಂತು. ನಡುರಾತ್ರಿಯಲ್ಲಿ ಎದುರು ಗುಡ್ಡದಿಂದ ಕಡವೆಯೊಂದು ಎರಡು ಬಾರಿ ಕೂಗಿತು. ಯುವಕ ನನ್ನ ಮೊಣಕೈಯನ್ನು ಮುಟ್ಟಿ, ಉಸಿರಿನಲ್ಲೇ ಒಂದು ಪದ ನುಡಿದ: ‘ಕುಲಾ’. ಅರ್ಧ ಗಂಟೆ ಕಣ್ಣೆವೆಯಿಕ್ಕದೆ ನೋಡಿದೆವು. ಏನೂ ಬರಲಿಲ್ಲ.

ಕುಲಾ ಎಂದರೆ ಕೊರ್ಕು ಭಾಷೆಯಲ್ಲಿ ಹುಲಿ. ನಮ್ಮಲ್ಲಿ ಕುಲವೆಂದರೆ ಮನೆತನವೆಂದು ನಾನು ಹೇಳಿದಾಗ ಅವನು ಸದ್ದಿಲ್ಲದೆ ನಕ್ಕ. ಬೆಳಗಾಗುವವರೆಗೆ ಹೊತ್ತು ಕಳೆಯಬೇಕಿತ್ತು. ಪಿಸುದನಿಯಲ್ಲಿ ಪದಗಳನ್ನು ಕೇಳುತ್ತ ಹೋದೆ. ಕೊರೊ ಎಂದರೆ ಮನುಷ್ಯ, ಕೊರ್ಕು ಎಂದರೆ ಮನುಷ್ಯರು. ಸಿಪನಾ ಎಂದರೆ ತೇಗ. ಹೊಳೆಗೂ ಆ ಹೆಸರೇ. ನೀರಿಗೆ ಡಾ. ನಾನು ‘ದಾ’ ಎಂದಾಗ ಅವನು ತಿದ್ದಿದ. ಮರಾಠಿ, ಹಿಂದಿಗಳ ನಡುವೆ ಇದ್ದೂ ಅವೆರಡಕ್ಕೂ ಸಂಬಂಧವಿರದ, ದೂರದ ಸಂತಾಲಿ ಮುಂಡಾರಿಗಳಿಗೆ ದಾಯಾದಿಯಾದ ಭಾಷೆಯಿದು. ಅವನು ಮನೆಯಲ್ಲಿ ಕೊರ್ಕು, ಅಧಿಕಾರಿಗಳೊಡನೆ ಮರಾಠಿ, ಪ್ರವಾಸಿಗರೊಡನೆ ಹಿಂದಿ ಆಡುತ್ತಾನೆ. ಶಾಲೆಗೆ ಹೋದ ಮೊದಲ ವರ್ಷವೆಲ್ಲ ಮಾಸ್ತರರು ಏನು ಹೇಳುತ್ತಿದ್ದಾರೆಂದು ತನಗೆ ಗೊತ್ತಾಗುತ್ತಿರಲಿಲ್ಲವೆಂದು ಅವನು ಹೇಳಿದ್ದರಲ್ಲಿ ದೂರಿನ ದನಿಯಿರಲಿಲ್ಲ. ಮಳೆ ಬಂತು, ನೆನೆದೆ ಎಂಬಂತೆ ಹೇಳಿದ.

ಬೆಳಿಗ್ಗೆ ಮಚಾನಿನಿಂದ ಇಳಿದು ನಡೆದು ಬರುವಾಗ ನಮ್ಮ ಬೆನ್ನ ಹಿಂದಿನ ದಾರಿಯ ಧೂಳಿನಲ್ಲಿ ಹುಲಿಯ ಹೆಜ್ಜೆಗಳಿದ್ದವು. ನಾವು ನೀರಿನ ಕಡೆಗೆ ಕಣ್ಣು ನೆಟ್ಟು ಕುಳಿತಿದ್ದಾಗ ಅದು ಹಿಂದಿನಿಂದ ಹಾದುಹೋಗಿತ್ತು. ಆ ದಾರಿ ಒಂದು ವಿಶಾಲವಾದ ಹುಲ್ಲು ಬಯಲಿಗೆ ಹೋಗಿ ಸೇರುತ್ತದೆ. ಬಯಲಿನ ಅಂಚಿನಲ್ಲಿ ಸಾಲಾಗಿ ಮಾವಿನ ಮರಗಳು, ಮಹುವೆಯ ಮರಗಳು. ಕಾಡು ತಾನಾಗಿ ಮಾವನ್ನು ಸಾಲಾಗಿ ನೆಡುವುದಿಲ್ಲ. ಹುಲ್ಲಿನ ನಡುವೆ ಮನೆಯ ಅಡಿಪಾಯದ ಕಲ್ಲುಗಳು ಕಂಡವು. ಇದು ಯುವಕನ ಅಜ್ಜನ ಊರು. ಹುಲಿಗಾಗಿ ತೆರವಾದ ಊರುಗಳಲ್ಲಿ ಒಂದು.

ಒಂದು ಹಳೆಯ ಮರದ ಬುಡದಲ್ಲಿ, ಗೆದ್ದಲು ತಿಂದು ಉಳಿದ ತೇಗದ ಹಲಗೆಗಳು ನಿಂತಿದ್ದವು. ಕೊರ್ಕು ಜನ ತೀರಿಕೊಂಡ ಹಿರಿಯರ ಹೆಸರಿನಲ್ಲಿ ಕೆತ್ತಿಸಿ ನೆಡುವ ಸ್ಮಾರಕಗಳಿವು. ಮೇಲೆ ಸೂರ್ಯ, ಚಂದ್ರ. ಕೆಳಗೆ ಕುದುರೆ ಏರಿದ ಸವಾರ. ನೋಡಿದೊಡನೆ ನನಗೆ ನಮ್ಮ ಊರುಗಳ ವೀರಗಲ್ಲು ನೆನಪಾಯಿತು. ಅಲ್ಲಿಯೂ ಅದೇ ಸೂರ್ಯ ಚಂದ್ರರು, ಅದೇ ಆಚಂದ್ರಾರ್ಕದ ಆಸೆ. ಹುಲಿಯೊಡನೆ ಹೋರಾಡಿ ಮಡಿದವರ ವೀರಗಲ್ಲುಗಳೂ ನಮ್ಮಲ್ಲಿ ಇವೆಯಷ್ಟೆ. ಕಲ್ಲು ಉಳಿಯಿತು, ಮರ ಗೆದ್ದಲಿಗಾಯಿತು, ಅಷ್ಟೇ ಭೇದ. ಊರಿನ ಜನ ಬಯಲು ಸೀಮೆಗೆ ಹೋದಾಗ ಹಾಸಿಗೆ, ಪಾತ್ರೆ, ದನಕರುಗಳನ್ನು ಒಯ್ದರು. ಹಿರಿಯರು ಇಲ್ಲೇ ಉಳಿದರು. ವರ್ಷಕ್ಕೊಮ್ಮೆ ಬಂದು ಕೈಮುಗಿಯಬೇಕಾದರೂ ಈಗ ಅನುಮತಿ ಕೇಳಬೇಕೆಂದು ಆತ ಹೇಳಿದ.

ಈ ಊರುಗಳ ಕಥೆಯಲ್ಲಿ ಒಂದು ವಿಪರ್ಯಾಸವಿದೆ. ಬ್ರಿಟಿಷರು 19ನೆಯ ಶತಮಾನದ ಉತ್ತರಾರ್ಧದಲ್ಲಿ ಈ ತೇಗದ ಕಾಡನ್ನು ಸರ್ಕಾರದ ವಶಕ್ಕೆ ತಂದರು. ಮರ ಕಡಿಯಲು, ದಾರಿ ಮಾಡಲು, ಬೆಂಕಿ ಆರಿಸಲು ಆಳುಗಳು ಬೇಕಾದಾಗ ಅರಣ್ಯ ಇಲಾಖೆಯೇ ಕಾಡಿನೊಳಗೆ ‘ವನಗ್ರಾಮ’ಗಳನ್ನು ನೆಲೆಗೊಳಿಸಿತು. ನೂರು ವರ್ಷಗಳಲ್ಲಿ ಸರ್ಕಾರಕ್ಕೆ ತೇಗಕ್ಕಿಂತ ಹುಲಿ ಹೆಚ್ಚಿನದಾಯಿತು. ಆಗ ಅದೇ ಜನ ಕಾಡಿಗೆ ಹೊರೆಯಾದರು. ಈ ಶತಮಾನದ ಮೊದಲ ವರ್ಷಗಳಲ್ಲಿ ಬೋರಿ, ಕೋಹಾ, ಕುಂಡ ಎಂಬ ಮೂರು ಹಳ್ಳಿಗಳು ಬಯಲಿಗೆ ಇಳಿದವು. ಅನಂತರ ಇನ್ನೂ ಹಲವು ಇಳಿದವು. ಸ್ಥಳಾಂತರಕ್ಕೆ ಒಪ್ಪುವ ಪ್ರತಿ ಕುಟುಂಬಕ್ಕೆ 2008ರಲ್ಲಿ 10 ಲಕ್ಷ ರೂಪಾಯಿ ನಿಗದಿಯಾಯಿತು. 2021ರಲ್ಲಿ ಅದು 15 ಲಕ್ಷವಾಯಿತು. ಜನರ ಸ್ವಇಚ್ಛೆ ಹಾಗೂ ಗ್ರಾಮಸಭೆಯ ತಿಳಿವಳಿಕೆಯ ಒಪ್ಪಿಗೆಯಿಲ್ಲದೆ ಯಾರನ್ನೂ ಕದಲಿಸಬಾರದೆಂದು 2006ರ ಎರಡು ಶಾಸನಗಳು, ಅಂದರೆ ತಿದ್ದುಪಡಿಗೊಂಡ ವನ್ಯಜೀವಿ ಕಾಯಿದೆ ಮತ್ತು ಅರಣ್ಯ ಹಕ್ಕು ಕಾಯಿದೆ, ಸ್ಪಷ್ಟವಾಗಿ ಹೇಳುತ್ತವೆ.

ಒಂದು ಮಾತನ್ನು ಇಲ್ಲಿಯೇ ಹೇಳಿಬಿಡುವುದು ನ್ಯಾಯ. ನಾನು ಹುಲಿಯ ವಿರೋಧಿಯಲ್ಲ. 1972ರ ಎಣಿಕೆಯಲ್ಲಿ ದೇಶದಲ್ಲಿ 1,827 ಹುಲಿಗಳಷ್ಟೇ ಇದ್ದವು. 2006ರ ಅಂದಾಜಿನಲ್ಲಿ ಅದು 1,411ಕ್ಕೆ ಕುಸಿದಿತ್ತು. 2022ರ ಅಂದಾಜು 3,682. ಅದರಲ್ಲಿ ಕರ್ನಾಟಕದ ಪಾಲು 563, ಮಹಾರಾಷ್ಟ್ರದ್ದು 444. ಜಗತ್ತಿನಲ್ಲಿ ಬೇರೆಲ್ಲೂ ಇಂಥ ಚೇತರಿಕೆ ಸುಲಭವಾಗಿ ಕಾಣದು. ತೆರವಾದ ಊರಿನ ಬಯಲಿನಲ್ಲಿ ಹುಲ್ಲು ಬೆಳೆಯುತ್ತದೆ, ಹುಲ್ಲಿಗೆ ಕಡವೆ ಕಾಟಿಗಳು ಬರುತ್ತವೆ, ಅವುಗಳ ಹಿಂದೆ ಹುಲಿ ಬರುತ್ತದೆ. ಇದನ್ನು ನಾನು ನನ್ನ ಕಣ್ಣಾರೆ ಕಂಡಿದ್ದೇನೆ. ಕಾಡಿನೊಳಗಿನ ಬಾಳು ಸುಖದ್ದಾಗಿತ್ತೆಂದೂ ಹೇಳಲಾರೆ. 1993ರಲ್ಲಿ ಮೇಳಘಾಟದ ಹೆಸರು ದೇಶದ ಪತ್ರಿಕೆಗಳಲ್ಲೆಲ್ಲ ಬಂದದ್ದು ಅಪೌಷ್ಟಿಕತೆಯಿಂದ ಸತ್ತ ಮಕ್ಕಳಿಗಾಗಿ. ಮಳೆಗಾಲದಲ್ಲಿ ಹೊಳೆ ದಾಟಿ ವೈದ್ಯರ ಬಳಿಗೆ ಹೋಗಲಾಗದ ತಾಯಿಯೊಬ್ಬಳು ರಸ್ತೆಯಿರುವ ಊರನ್ನು ಬಯಸಿದರೆ ಅವಳನ್ನು ಕಾಡಿನಲ್ಲೇ ಇರು ಎನ್ನಲು ನಗರವಾಸಿಯಾದ ನನಗೆ ಅಧಿಕಾರವಿಲ್ಲ. ಒಪ್ಪಿ ಹೊರಟ ಕುಟುಂಬಗಳೂ ಇದ್ದವೆಂದು ಯುವಕನೇ ಹೇಳಿದ. ಅವನ ತಂದೆಯೂ ಅವರಲ್ಲೊಬ್ಬ.

ಆದರೆ ಒಪ್ಪಿಗೆಯೆಂಬುದು ಎರಡು ಕಡೆಯ ವ್ಯವಹಾರ. ಜನ ನೆಲ ಬಿಟ್ಟುಕೊಟ್ಟರು; ಪ್ರತಿಯಾಗಿ ಉಳುವ ಭೂಮಿ, ಕುಡಿಯುವ ನೀರು, ಶಾಲೆ, ಆಸ್ಪತ್ರೆ, ದುಡಿಮೆ ದೊರೆಯಬೇಕು. ಕಾಡಿನಲ್ಲಿ ಹಣವನ್ನೇ ಹೆಚ್ಚು ಕಾಣದವರ ಕೈಗೆ ಒಮ್ಮೆಲೇ ಲಕ್ಷಗಳನ್ನಿಟ್ಟು, ಅದು ಎರಡು ವರ್ಷಗಳಲ್ಲಿ ಕರಗಿದಾಗ ತಪ್ಪು ಅವರದೆನ್ನುವುದು ಸುಲಭ. 2019ರ ಜನವರಿಯಲ್ಲಿ ಮೇಳಘಾಟದಿಂದ ಸ್ಥಳಾಂತರಗೊಂಡ ಕೆಲವು ಹಳ್ಳಿಗಳ ಜನ, ತಮಗೆ ಹೇಳಿದ್ದು ದೊರೆಯಲಿಲ್ಲವೆಂದು ಮಕ್ಕಳುಮರಿಗಳೊಡನೆ ಹಳೆಯ ಊರುಗಳಿಗೆ ಮರಳಿ ಬಂದರು. ಅವರಿಗೂ ಅರಣ್ಯ ಸಿಬ್ಬಂದಿಗೂ ಘರ್ಷಣೆಯಾಗಿ ಎರಡೂ ಕಡೆಯವರು ಗಾಯಗೊಂಡರು. ಇದು ಮಹಾರಾಷ್ಟ್ರದ ಮಾತು ಮಾತ್ರವಲ್ಲ. 2025ರ ಮೇ ತಿಂಗಳಿನಲ್ಲಿ ನಾಗರಹೊಳೆಯ ಕರಡಿಕಲ್ಲಿಗೆ ಐವತ್ತಕ್ಕೂ ಹೆಚ್ಚು ಜೇನುಕುರುಬ ಕುಟುಂಬಗಳು ಮರಳಿ ಬಂದು ಗುಡಿಸಲು ಹಾಕಿದವು. ತಮ್ಮ ಹಿರಿಯರು ಅಲ್ಲಿದ್ದಾರೆಂಬುದೇ ಅವರ ವಾದವೂ ಆಗಿತ್ತು.

ನಮ್ಮ ಮಕ್ಕಳಿಗೆ ಹುಲಿಯ ಮೊದಲ ಪರಿಚಯವಾಗುವುದು ಗೋವಿನ ಹಾಡಿನಲ್ಲಿ. ಪರಊರಿನಲ್ಲಿ ಬೆಳೆಯುವ ಮಗುವಿಗೂ ಅಜ್ಜಿಯೊಬ್ಬಳು ಪುಣ್ಯಕೋಟಿಯ ಕಥೆಯನ್ನು ಹೇಳಿಯೇ ಇರುತ್ತಾಳೆ. ಹಸು ಹುಲಿಗೆ ಭಾಷೆ ಕೊಟ್ಟು, ಕರುವಿಗೆ ಹಾಲೂಡಿ, ಮರಳಿ ಬಂತು. ಆ ಸತ್ಯಕ್ಕೆ ಹುಲಿಯೇ ಸೋತಿತು. ಇಂದು ಪ್ರಸಂಗ ತಿರುಗುಮುರುಗಾಗಿದೆ. ಹುಲಿಯ ಹೆಸರಿನಲ್ಲಿ ಪ್ರಭುತ್ವವು ಮನುಷ್ಯರಿಗೆ ಭಾಷೆ ಕೊಟ್ಟಿದೆ. ಆ ಮನುಷ್ಯರು ತಮ್ಮ ಪಾಲಿನ ಮಾತನ್ನು ನಡೆಸಿ ಊರು ಬಿಟ್ಟಿದ್ದಾರೆ. ಅವರಿಗೆ ಕೊಟ್ಟ ಮಾತು ಮರಳಿ ಬಂದಿತೇ ಎಂದು ಕೇಳುವವರು ಯಾರು? ಹುಲಿ ಉಳಿದದ್ದಕ್ಕೆ ಹೆಮ್ಮೆಪಡುವ ನಾವು, ರಜೆಯಲ್ಲಿ ಜೀಪು ಹತ್ತಿ ಕಾಡಿಗೆ ಹೋಗುವ ನಾವು, ಕೇಳಬೇಕಾದವರಲ್ಲಿ ಮೊದಲಿಗರೆಂದು ನನಗನಿಸುತ್ತದೆ.

ಕನ್ನಡದಲ್ಲಿ ಭಾಷೆಯೆಂದರೆ ವಚನವೂ ಹೌದು, ನುಡಿಯೂ ಹೌದು. ಕೊರ್ಕು ಜನಕ್ಕೆ ಎರಡರಲ್ಲೂ ಬಾಕಿಯಿದೆ. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣಕ್ಕೆ ಸಾಕಷ್ಟು ಸೌಲಭ್ಯ ಒದಗಿಸಲು ಪ್ರತಿ ರಾಜ್ಯವೂ ಯತ್ನಿಸಬೇಕೆಂದು ಸಂವಿಧಾನದ 350-ಎ ವಿಧಿ 1956ರಿಂದ ಹೇಳುತ್ತ ಬಂದಿದೆ. ಹೊರನಾಡ ಕನ್ನಡಿಗರಿಗೆ ಈ ವಿಧಿ ಬಾಯಿಪಾಠ. ಮುಂಬಯಿಯ ಪಾಲಿಕೆಯ ಕನ್ನಡ ಶಾಲೆಗಳಿಗಾಗಿ, ಹೋಟೆಲ್ ಹುಡುಗರು ಓದಿ ಬಾಳು ಕಟ್ಟಿಕೊಂಡ ರಾತ್ರಿ ಶಾಲೆಗಳಿಗಾಗಿ ನಾವು ಬರೆದ ಮನವಿಗಳಲ್ಲೆಲ್ಲ ಅದರ ಉಲ್ಲೇಖವಿದೆ. ಆದರೂ ನಮ್ಮ ಬೆನ್ನಿಗೆ ಒಂದು ರಾಜ್ಯವಿದೆ, ಎಂಟು ಜ್ಞಾನಪೀಠಗಳಿವೆ, ವಿಶ್ವವಿದ್ಯಾಲಯಗಳಿವೆ. ನಾವು ಅನ್ನವನ್ನರಸಿ ನಾವಾಗಿ ಊರು ಬಿಟ್ಟು ಬಂದವರು. ಬೇಕೆಂದರೆ ಮರಳಲು ಒಂದು ನಾಡಿದೆ. 2011ರ ಜನಗಣತಿಯಂತೆ ಕೊರ್ಕು ನುಡಿಯುವವರು ಮಹಾರಾಷ್ಟ್ರ, ಮಧ್ಯಪ್ರದೇಶಗಳಲ್ಲಿ ಹಂಚಿಹೋಗಿರುವ ಸುಮಾರು 7 ಲಕ್ಷ ಜನ. ದಾಯಾದಿ ಸಂತಾಲಿಗೆ 2003ರ ತಿದ್ದುಪಡಿಯಿಂದ ಎಂಟನೆಯ ಅನುಸೂಚಿಯಲ್ಲಿ ಸ್ಥಾನ ಸಿಕ್ಕಿತು. ಕೊರ್ಕು ಹೊರಗೇ ಉಳಿಯಿತು. ಊರು ಬಿಡದೆಯೇ ಅವರು ಹೊರನಾಡಿಗರಾದರು. ಕಾಡಿನ ಊರಿನಲ್ಲಿ ಒಟ್ಟಿಗಿದ್ದಾಗ ಮಕ್ಕಳ ಆಟಕ್ಕಾದರೂ ಒದಗುತ್ತಿದ್ದ ಆ ನುಡಿ, ಬಯಲಿನ ಹೊಸ ಬಡಾವಣೆಯಲ್ಲಿ ಎಷ್ಟು ತಲೆಮಾರು ಬಾಳೀತು? ಇದಕ್ಕೆ ಉತ್ತರವನ್ನು ಊಹಿಸಲು ನಮ್ಮ ಮೊಮ್ಮಕ್ಕಳ ಕನ್ನಡವನ್ನು ಕೇಳಿದರೆ ಸಾಕು.

ಸಾತಪುಡಾದ ಕಾಡಿಗೆ ಸೇರಿದ ಇನ್ನೊಂದು ಸಂಗತಿಯನ್ನು ಹೇಳಬೇಕು. ಫಾರೆಸ್ಟ್ ಔಲೆಟ್ ಎಂಬ ಪುಟ್ಟ ಗೂಬೆಯೊಂದು 1884ರ ನಂತರ ಕಣ್ಮರೆಯಾಗಿ, ಅಳಿದೇಹೋಯಿತೆಂದು ಬಹುಮಂದಿ ನಂಬಿದ್ದರು. 1914ರಲ್ಲಿ ಗುಜರಾತಿನಲ್ಲಿ ಸಿಕ್ಕಿತೆಂದು ಒಬ್ಬ ಇಂಗ್ಲಿಷ್ ಕರ್ನಲ್ ತೋರಿಸಿದ ಮಾದರಿಯು ವಸ್ತುಸಂಗ್ರಹಾಲಯದಿಂದ ಕದ್ದು ಸುಳ್ಳು ಚೀಟಿ ಅಂಟಿಸಿದ್ದೆಂದು ಎಷ್ಟೋ ಕಾಲದ ಮೇಲೆ ಬಯಲಾಯಿತು. ಆ ಚೀಟಿಯನ್ನು ಬದಿಗಿಟ್ಟು ಹುಡುಕಿದಾಗ, 1997ರಲ್ಲಿ ಸಾತಪುಡಾದ ಪಶ್ಚಿಮದ ತುದಿಯಲ್ಲಿ ಗೂಬೆ ಹಾಡುಹಗಲಿನಲ್ಲೇ ಕಂಡಿತು. ಮುಂದೆ ಮೇಳಘಾಟದಲ್ಲಿಯೂ ಕಂಡಿತು. 113 ವರ್ಷ ಅದು ಇದ್ದಲ್ಲೇ ಇತ್ತು. ಪುನರ್ವಸತಿ ಪೂರ್ಣಗೊಂಡಿದೆ ಎಂಬ ಕಡತಗಳನ್ನು ಓದುವಾಗಲೆಲ್ಲ ನನಗೆ ಈ ಗೂಬೆಯ ಚೀಟಿ ನೆನಪಾಗುತ್ತದೆ.

ಬೇರೆ ದಾರಿಯೇ ಇಲ್ಲವೆನ್ನುವಂತಿಲ್ಲ. 2011ರಲ್ಲಿ ನಮ್ಮ ಬಿಳಿಗಿರಿರಂಗನ ಬೆಟ್ಟವು ಹುಲಿ ಸಂರಕ್ಷಿತ ಪ್ರದೇಶವಾದ ವರ್ಷದಲ್ಲೇ ಅಲ್ಲಿಯ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕು ದೊರೆಯಿತು. ಹುಲಿಗಳಿರುವ ಕಾಡಿನಲ್ಲಿ ಜನರ ಹಕ್ಕನ್ನು ಮನ್ನಿಸಿದ ಮೊದಲ ನಿದರ್ಶನವದು. ಮೇಳಘಾಟದ ತಪ್ಪಲಿನಲ್ಲಿ, ಹುಲಿಕಾಡಿನ ಹೊರಗೆ, ಅಚಲಪುರ ತಾಲ್ಲೂಕಿನ ಪಾಯವಿಹೀರ ಎಂಬ ಕೊರ್ಕು ಹಳ್ಳಿ 2012ರಲ್ಲಿ ಇಂಥದೇ ಹಕ್ಕು ಪಡೆದು, ಬೋಳಾಗಿದ್ದ ಗುಡ್ಡವನ್ನು ತಾನೇ ಕಾದು ಬೆಳೆಸಿ, 2014ರಲ್ಲಿ ಭಾರತ ಜೀವವೈವಿಧ್ಯ ಪ್ರಶಸ್ತಿಯನ್ನು ಗಳಿಸಿತು. ಅಲ್ಲಿಯ ಸೀತಾಫಲ ಮುಂಬಯಿಯವರೆಗೂ ಬಂದಿದೆ. ತಿಂದವರು ನಮ್ಮಲ್ಲೂ ಇರಬಹುದು.

ನಮ್ಮ ಸಂಘದಂಥ ಪುಟ್ಟ ಸಂಸ್ಥೆ ಏನು ಮಾಡಬಲ್ಲುದು? ದೊಡ್ಡ ಮಾತು ಆಡಲಾರೆ. ತಾಯ್ನುಡಿ ಶಿಕ್ಷಣಕ್ಕಾಗಿ ಮಹಾರಾಷ್ಟ್ರ ಸರ್ಕಾರಕ್ಕೆ ನಾವು ಮುಂದಿನ ಬಾರಿ ಸಲ್ಲಿಸುವ ಮನವಿಯಲ್ಲಿ ಕನ್ನಡದ ಜೊತೆಗೆ ಕೊರ್ಕು ಭಾಷೆಯ ಹೆಸರನ್ನೂ ಬರೆಯೋಣವೆಂಬುದು ನನ್ನ ಮೊದಲ ಸೂಚನೆ. ಕಾರ್ಯಕಾರಿ ಸಮಿತಿಯ ಮುಂದೆ ಅದನ್ನು ಇಟ್ಟಿದ್ದೇನೆ. ಇದರಿಂದ ನಮ್ಮ ಬೇಡಿಕೆ ತೆಳುವಾದೀತೆಂದು ಹಿರಿಯ ಸದಸ್ಯರೊಬ್ಬರು ಆತಂಕಪಟ್ಟರು. ನಮಗಷ್ಟೇ ಕೇಳಿದರೆ ಅದು ಬೇಡಿಕೆ, ಎಲ್ಲರಿಗೂ ಕೇಳಿದರೆ ಹಕ್ಕೆಂದು ನಾನು ನಂಬಿದ್ದೇನೆ. ಓದುಗರು ತಮ್ಮ ಅಭಿಪ್ರಾಯವನ್ನು ತಿಳಿಸಬೇಕು. ಎರಡನೆಯದು, ನಾಗಪುರ, ಅಮರಾವತಿ, ಅಕೋಲಾಗಳಲ್ಲಿ ನೆಲೆಸಿರುವ ಕನ್ನಡಿಗರು ಸ್ಥಳಾಂತರಗೊಂಡ ಊರುಗಳನ್ನು ಕಂಡು ಬಂದು, ಕೊಳವೆಬಾವಿಯಲ್ಲಿ ನೀರಿದೆಯೇ, ಶಾಲೆಯಲ್ಲಿ ಮಾಸ್ತರರಿದ್ದಾರೆಯೇ ಎಂಬಷ್ಟನ್ನೇ ಬರೆದು ಕಳುಹಿಸಲಿ. ಮುಂದಿನ ಸಂಚಿಕೆಗಳಲ್ಲಿ ಅದಕ್ಕೆ ಪುಟಗಳನ್ನು ಕಾದಿರಿಸುತ್ತೇನೆ. ಮೂರನೆಯದು, ಹುಲಿ ನೋಡಲು ಹೋಗುವವರು ಖಂಡಿತ ಹೋಗಿರಿ. ಜೊತೆಯಲ್ಲಿ ಕುಳಿತ ಕಾವಲುಗಾರನ ಅಜ್ಜನ ಊರು ಯಾವುದೆಂದು ಒಮ್ಮೆ ಕೇಳಿರಿ.

ಮನೆಗೆ ಬಂದ ಮೇಲೆ ಮೊಮ್ಮಗಳು ನನ್ನ ದಿನಚರಿಯನ್ನು ತೆರೆದು, ಅಜ್ಜ ಕನ್ನಡದಲ್ಲಿ ಬರೆದಿದ್ದರೂ ಅರ್ಥವಾಗದ ಪದಗಳನ್ನು ಗಟ್ಟಿಯಾಗಿ ಓದಿದಳು: ಕೊರೊ, ಕುಲಾ, ಸಿಪನಾ, ಡಾ. ಕೊನೆಯದನ್ನು ಅವಳು ಮೊದಲ ಸಲಕ್ಕೇ ಸರಿಯಾಗಿ ಉಚ್ಚರಿಸಿದಳು. ಇದು ಯಾರ ಭಾಷೆ ಎಂದು ಕೇಳಿದಳು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ.